ಬೆನ್ನಿಗಿಲ್ಲದ ತಗಡು

ಸೀಟ್ ಬೆಲ್ಟ್ ಎಳೆದುಕೊಳ್ಳಲು ಹಿಂದಕ್ಕೆ ಚಾಚಿದ ಅವಳ ಕೈಗೆ ನೇರವಾಗಿ ಪೆಟ್ರೋಲ್ ಟ್ಯಾಂಕೇ ತಗುಲಿತು. ಕತ್ತು ಹೊರಳಿಸಿ ನೋಡಿದಳು. ಗಂಡ ಹೆಂಡತಿ ಸೇರಿ ಶೆಡ್ಡಿನಲ್ಲಿ ಕಟ್ಟಿದ, ಗುಡ್ಡ ಹತ್ತುವ ‘ಬಗ್ಗಿ’ ಎಂಬ ಎರಡು ಸೀಟಿನ ತೆರೆದ ಗಾಡಿ ಅದು. ಟ್ಯಾಂಕನ್ನು ಬೆಸೆದವಳು ಅವಳು. ಅದನ್ನು ಸೀಟುಗಳ ಹಿಂದೆ ಕೂರಿಸಿ, ಬೆಂಕಿ ಹೊತ್ತಿದರೆ ತಡೆಯಲೆಂದು ನಡುವೆ ತಗಡು ಹೊಡೆದವನು ಅವನು. ಆ ತಗಡು ಅವನ ಸೀಟಿನ ಹಿಂದೆ ಅಚ್ಚುಕಟ್ಟಾಗಿ ನಿಂತು, ಅವಳ ಸೀಟು ಶುರುವಾಗುವಲ್ಲಿಗೆ ಮುಗಿದುಹೋಗಿತ್ತು.

“ರೀ, ನನ್ನ ಬೆನ್ನ ಹಿಂದೆ ತಗಡೇ ಇಲ್ವಲ್ರೀ?”

“ಸಾಲ್ಲಿಲ್ಲ ಕಣೇ. ಅದಕ್ಕೇನೀಗ? ನೀನು ಬೆಸೆದ ಟ್ಯಾಂಕು, ಗುಡ್ಡದಿಂದ ಉರುಳಿದ್ರೂ ಒಂದು ಹನಿ ಸೋರಲ್ಲ. ಸುಮ್ನೆ ಕೂತ್ಕೋ.”

ಹೊಗಳಿದರೆ ಅವಳು ಉಬ್ಬಿಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು. ಈ ಸಲ ಅವಳ ಕಣ್ಣು ಬಾನೆಟ್ಟಿನ ಮೇಲೆ ನೆಟ್ಟಿತ್ತು. ಅದೇ ತಗಡಿನಲ್ಲಿ ಕತ್ತರಿಸಿ ಹಚ್ಚಿದ್ದ ಹುಲಿಯ ಮುಖ ಅಲ್ಲಿ ಫಳಫಳ ಹೊಳೆಯುತ್ತಿತ್ತು, ಒಬ್ಬರ ಬೆನ್ನಿನಷ್ಟೇ ಅಗಲ. ಗೆಳೆಯರೆಲ್ಲ ಅವನನ್ನು ಕರೆಯುತ್ತಿದ್ದುದೇ ಹುಲಿ ಎಂದು.

ಅವಳು ಬೆಲ್ಟ್ ಹಾಕದೆಯೇ ಇಳಿದು, ಗಾಡಿ ಸುತ್ತಿ ಬಂದು ಅವನ ಪಕ್ಕ ನಿಂತಳು. “ಆ ಕಡೆ ಸರ್ಕೊಳ್ಳಿ. ಇವತ್ತು ನಾನು ಓಡಿಸ್ತೀನಿ.”

ಅವನು ನಕ್ಕ. ಅವಳು ನಗಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಸರಿದು, ಬೆನ್ನು ಹಿಂದಕ್ಕೆ ತಾಗದಂತೆ ಬಾಗಿ ಕೂತ. ಅವಳು ಕೀಲಿ ತಿರುಗಿಸಬೇಕು, ಅಷ್ಟರಲ್ಲಿ ಅವನು ಅವಳ ಮಣಿಕಟ್ಟು ಹಿಡಿದುಕೊಂಡ.

“ಅಲ್ಲಾ ಕಣೇ, ಸೋರುತ್ತಾ ಅಂತ ಸೋಪಿನ ನೀರು ಹಚ್ಚಿ ಸರಿಯಾಗಿ ನೋಡಿದ್ದೀಯ ತಾನೇ?”