ನಲವತ್ತೈದು ಗ್ರಾಂ

ಸೆಲ್ಲಿನ ತಲೆ ಕೊಯ್ದದ್ದೇ ತಡ, ಒಳಗಿನಿಂದ ಬಿಳಿ ಪುಡಿ ಮೇಜಿನ ಮೇಲೆ ಸುರಿಯಿತು. ಪುಡಿಯ ನಡುವೆ ಕಿರುಬೆರಳಿನಷ್ಟು ಗಾತ್ರದ ಇನ್ನೊಂದು ಸೆಲ್ಲು ಅವಿತುಕೊಂಡಿತ್ತು. ಹೊರಗೆ ದೊಡ್ಡ ಕಂಪನಿಯ ಹೊದಿಕೆ, ಒಳಗೆ ಆಟದ ಸಾಮಾನಿಗೆ ಹಾಕುವಂಥ ಸೆಲ್ಲು, ಉಳಿದ ಜಾಗಕ್ಕೆ ಪುಡಿ. ತಕ್ಕಡಿ ಅಕ್ಕ ಆ ಚಿಕ್ಕ ಸೆಲ್ಲನ್ನು ಎತ್ತಿ ಬೆಳಕಿಗೆ ಹಿಡಿದಳು.

ಬ್ಯಾಟರಿ ರಿಪೇರಿ ಮಾಡುವ ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೈಗೆ ಬಂದ ಒಂದೊಂದು ಸೆಲ್ಲನ್ನೂ ತಕ್ಕಡಿ ಮೇಲಿಟ್ಟು ತೂಗುವಳು. ನಲವತ್ತೈದು ಗ್ರಾಂ ಬಂದರೆ ಅಸಲಿ, ಮೂವತ್ತಕ್ಕಿಳಿದರೆ ನಕಲಿ, ಎತ್ತಿ ಆಚೆಗೆ. ಗಿರಾಕಿಗಳೂ ಅಷ್ಟೇ, ತೂಗಿದ್ದೀಯಾ ಎಂದು ಕೇಳುವರು. ತೂಗಿದೆ ಎಂದರೆ ಕಣ್ಣು ಮುಚ್ಚಿ ಒಯ್ಯುವರು. ಈ ಸಲ ಹೊಸ ವ್ಯಾಪಾರಿ ಅರ್ಧ ಬೆಲೆ ಹೇಳಿದಾಗಲೇ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಕೊಂಡ ಮೂವತ್ತಕ್ಕೆ ಮೂವತ್ತೂ ಸೆಲ್ಲು ನಲವತ್ತೈದು ಗ್ರಾಂ ತೋರಿಸಿದವಲ್ಲ, ಅನುಮಾನ ಬಾಲ ಮುದುರಿಕೊಂಡಿತು. ಹೀಗೆ ತೂಗಿ ನೋಡುವವರೂ ಇದ್ದಾರೆಂದು ಗೊತ್ತಿದ್ದೇ ಯಾರೋ ಪುಡಿ ತುಂಬಿದ್ದರು.

ಉಳಿದಿದ್ದ ಎರಡರಲ್ಲಿ ಒಂದನ್ನು ಬೆಳಿಗ್ಗೆ ಚಾರ್ಜಿಗೆ ಹಾಕಿದರೆ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಅದಕ್ಕೇ ಬಲ್ಬು ಉರಿಸಿ ಖಾಲಿ ಮಾಡಿ ಕೊಯ್ದು ನೋಡಿದ್ದು. ಮಿಕ್ಕ ಇಪ್ಪತ್ತೆಂಟು ಸೆಲ್ಲೂ ನಾಲ್ಕು ದಿನದಿಂದ ಟೈಲರಣ್ಣನ ತಾಯಿಯ ಬ್ಯಾಟರಿ ಗಾಲಿಕುರ್ಚಿಯಲ್ಲಿದ್ದವು. ಆಕೆ ಮಧ್ಯಾಹ್ನ ಊಟ ಮಾಡಿ ಮಲಗುವ ಹೊತ್ತಿಗೇ ಕುರ್ಚಿ ಚಾರ್ಜಿಗೆ ಹೋಗುವುದು. ಗಡಿಯಾರ ಎರಡು ತೋರಿಸುತ್ತಿತ್ತು. ಟೈಲರಣ್ಣ ಫೋನ್ ಎತ್ತಲಿಲ್ಲ. ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಅವನಿಗೆ ಎಂದೂ ಫೋನ್ ಕೇಳಿಸಿದ್ದಿಲ್ಲ. ಅವಳು ಬೆಂಕಿ ಹತ್ತಿದರೆ ಇರಲೆಂದು ತಗಡಿನ ಬಕೆಟ್ಟಿಗೆ ಮರಳು ತುಂಬಿ, ತಕ್ಕಡಿ, ಕೊಯ್ದ ಸೆಲ್ಲು, ಪುಡಿಯ ಪೊಟ್ಟಣ ಎಲ್ಲ ಚೀಲಕ್ಕೆ ಹಾಕಿಕೊಂಡು ಹೆಚ್ಚುಕಡಿಮೆ ಓಡಿದಳು.

ಟೈಲರಣ್ಣನದು ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಎರಡರ ನಡುವೆ ಒಂದೇ ಬಾಗಿಲು. ಆ ಬಾಗಿಲಿಗೆ ಒತ್ತಿಕೊಂಡೇ ಕುರ್ಚಿ ನಿಂತಿತ್ತು, ಚಾರ್ಜರಿನ ಕೆಂಪು ದೀಪ ಉರಿಯುತ್ತಿತ್ತು. ಎಡಗಡೆ ಲಂಗದ ಬಟ್ಟೆಯ ಥಾನುಗಳು, ಬಲಗಡೆ ಮೊಣಕಾಲೆತ್ತರ ಕತ್ತರಿಸಿದ ಚೂರುಗಳು. ಒಳಗೆ ಮಂಚದ ಮೇಲೆ ತಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ತಕ್ಕಡಿ ಅಕ್ಕ ಯಾರನ್ನೂ ಮಾತಾಡಿಸದೆ ಸೀದಾ ಹೋಗಿ ಸ್ವಿಚ್ಚು ಆರಿಸಿದಳು.

ವಿಷಯ ಹೇಳಿದರೆ ಟೈಲರಣ್ಣ ನಂಬಲೊಲ್ಲ. ನಾಲ್ಕು ದಿನದಿಂದ ಕುರ್ಚಿ ಕುದುರೆ ಓಡಿದ ಹಾಗೆ ಓಡುತ್ತಿದೆ, ಏನೂ ಆಗಿಲ್ಲವಲ್ಲ ಎಂದ. ಎಂಟು ತಿಂಗಳಿಂದ ಮಂಚ ಬಿಟ್ಟಿಳಿಯದಿದ್ದ ಅಮ್ಮ ನಿನ್ನೆ ಒಬ್ಬಳೇ ಬೀದಿ ಕೊನೆಯವರೆಗೂ ಹೋಗಿ ಹಣ್ಣಿನವನ ಹತ್ತಿರ ಜಗಳ ಮಾಡಿಕೊಂಡು ಬಂದಳು, ಅದೂ ಗೆದ್ದು. ಹೊಸ ಸೆಲ್ಲು ಬರಲು ಹತ್ತು ದಿನ ಬೇಕೆಂದು ಕೇಳಿದ ಮೇಲಂತೂ ಅವನು ಕುರ್ಚಿಯ ಹಿಡಿಯನ್ನೇ ಭದ್ರವಾಗಿ ಹಿಡಿದುಕೊಂಡ.

"ನೀವೇ ತೂಗಿ ಕೊಟ್ಟಿದ್ದಲ್ವಾ ಅಕ್ಕಾ?"

"ತೂಗಿದ್ದೆ ಅಣ್ಣ. ತೂಗಿ ಮೋಸಹೋದೆ."

"ಬೇಕಾದ್ರೆ ಚಾರ್ಜ್ ಆಗೋವರೆಗೂ ನಾನೇ ಪಕ್ಕದಲ್ಲಿ ಕೂತು ನೋಡ್ಕೋತೀನಿ."

"ಹತ್ಕೊಂಡ್ರೆ ನೋಡ್ಕೊಳ್ಳೋಕೆ ಟೈಮ್ ಕೊಡಲ್ಲ ಅದು. ಸುತ್ತ ಬಟ್ಟೆ. ಬಾಗ್ಲು ಒಂದೇ. ಒಳಗಿರೋರು ಎದ್ದು ಓಡೋರಲ್ಲ."

ಅವನು ಹಿಡಿ ಬಿಡಲಿಲ್ಲ, ಅವಳೂ ಜಗ್ಗಲಿಲ್ಲ. ಅವನ ಕತ್ತರಿ, ಟೇಪು ಎಲ್ಲ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ತಕ್ಕಡಿ ಇಟ್ಟಳು. ತಕ್ಕಡಿ ಮೇಲೆ ಪುಡಿಯ ಪೊಟ್ಟಣ ಇಟ್ಟಳು. ಹದಿನೆಂಟು ಗ್ರಾಂ ಎಂದು ತೋರಿಸಿತು. "ನಾನು ಗ್ಯಾರಂಟಿ ಕೊಟ್ಟಿದ್ದು ಇದಕ್ಕೆ" ಎಂದಳು. ಹೇಳುವಾಗ ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು. ಟೈಲರಣ್ಣ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದ. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನ ಪುಡಿಯ ಹಾಗೇ ಇತ್ತು. ಆದರೂ ಅವನು ಬಾಗಿಲಾಚೆ ಮಂಚದ ಕಡೆ ನೋಡಿ ಮತ್ತೆ ಕುರ್ಚಿಯ ಹಿಡಿಗೆ ಕೈ ಹಾಕಿದ.

ಮಂಚದಿಂದಲೇ ಮಾತು ಬಂತು. ತಾಯಿ ನಿದ್ದೆ ಮಾಡಿರಲೇ ಇಲ್ಲ.

"ಲೋ, ಕುರ್ಚಿ ಬಿಡು. ನನ್ನ ಎತ್ತಿ ಕಿಟಕಿ ಹತ್ರ ಕೂರ್ಸು." ಆಮೇಲೆ ತಕ್ಕಡಿ ಅಕ್ಕನಿಗೆ, "ಹತ್ತು ದಿನ ಅಂದಿದ್ದೀಯ. ಹನ್ನೊಂದಾದ್ರೆ ನನ್ನ ಹೊತ್ಕೊಂಡು ಬಂದು ನಿನ್ನ ಅಂಗಡೀಲೇ ಕೂರಿಸ್ತಾನೆ ನೋಡು."

ಅವಳು ಬ್ಯಾಟರಿ ಬಿಚ್ಚಿ ಬಕೆಟ್ಟಿನ ಮರಳಲ್ಲಿ ಹೂತು ತೆಗೆದುಕೊಂಡು ಹೋದಳು. ತನ್ನ ಅಂಗಡಿಯ ಹಿಂದಿನ ಬಯಲಲ್ಲಿ ಎರಡು ದಿನ ಇಟ್ಟು, ಆಮೇಲೆ ಕೆಟ್ಟ ಬ್ಯಾಟರಿ ತೆಗೆದುಕೊಳ್ಳುವವರಿಗೆ ಒಪ್ಪಿಸಿದಳು. ಅದು ಹತ್ತಿಕೊಳ್ಳಲಿಲ್ಲ, ಹೊಗೆಯೂ ಬರಲಿಲ್ಲ. ಸುಮ್ಮನೆ ಒಬ್ಬ ಮುದುಕಿಯ ಕುರ್ಚಿ ಕಿತ್ತುಕೊಂಡಳು ಎಂದು ಬೀದಿಯಲ್ಲಿ ಒಂದಿಬ್ಬರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ ಎಂದಳು.

ಒಂಬತ್ತನೆಯ ದಿನ ಹೊಸ ಬ್ಯಾಟರಿ ತಂದಳು. ಅಷ್ಟರಲ್ಲಿ ಟೈಲರಣ್ಣ ಚೂರುಗಳನ್ನೆಲ್ಲ ಮೂಟೆ ಕಟ್ಟಿ ಆಚೆ ಹಾಕಿದ್ದ. ಕುರ್ಚಿಯನ್ನು ಬಾಗಿಲಿಂದ ಸರಿಸಿ ಹೊರಗೆ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ನಿಲ್ಲಿಸಿದರು. ಚಾರ್ಜಿಗೆ ಹಾಕಿ ಒಂದು ಗಂಟೆಯಾಯಿತು, ಎರಡಾಯಿತು. ಅವಳು ಸ್ಟೂಲು ಎಳೆದುಕೊಂಡು ಕೂತವಳು ಏಳಲಿಲ್ಲ. ನಡುನಡುವೆ ಬ್ಯಾಟರಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಟೈಲರಣ್ಣ, ಅಂಗಡಿ ಮುಚ್ಚಿ ಬಂದಿದ್ದೀರಿ, ಹೋಗಿ ಅಕ್ಕಾ ಎಂದು ಎರಡು ಸಲ ಹೇಳಿದ. ಕೊನೆಗೆ ತಾಯಿ ಕಿಟಕಿಯಿಂದ ಕತ್ತು ಚಾಚಿದರು.

"ಯಾಕಮ್ಮ, ಈ ಸಲ ತೂಗಿಲ್ವಾ?"

"ಹೋದ್ಸಲಾನೂ ತೂಗಿದ್ದೆ ಅಮ್ಮ," ಎಂದಳು ಅವಳು, ಅಂಗೈ ತೆಗೆಯದೆ. "ಅದಕ್ಕೇ ಎದ್ದು ಹೋಗ್ತಿಲ್ಲ."