ಜೇಬಿದ್ದ ಆಮೆ

ಆಮೆಯ ಬೆನ್ನ ಮೇಲೆ ಜೇಬಿತ್ತು. ಕಪಾಟಿನ ಧೂಳು ಒರೆಸುತ್ತಿದ್ದ ಸೊಸೆ ಕೈ ತಡೆದು ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಪಾಚಿ ಹಸಿರು, ಗೆರೆಗೆರೆ ಬಟ್ಟೆ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೋ ಏನು, ತನ್ನ ಬೀರುವಿನಲ್ಲೇ.

ಗಂಡನ ಚಿಕ್ಕಮ್ಮ ಟೈಲರ್ ಅಂಗಡಿ ಮುಚ್ಚಿ ಇವರ ಮನೆಗೆ ಬಂದು ಆರು ತಿಂಗಳಾಗಿತ್ತು. ಜೊತೆಗೆ ತಂದದ್ದು ಒಂದು ಬ್ಯಾಗು, ಒಂದು ಮೂಟೆ ಕಟಿಂಗ್ ಚೂರು. ಆ ಚೂರುಗಳಿಂದಲೇ ಮೂರು ಕಾಲಿನ ಬೆಕ್ಕು, ಎರಡು ಬಾಲದ ನರಿ, ಒಂಟಿ ಕಿವಿಯ ಕತ್ತೆ ಅಂತ ಹೊಲಿದು ನಡುಮನೆಯ ಕಪಾಟಿನಲ್ಲಿ ಸಾಲಾಗಿ ಕೂರಿಸುತ್ತಿದ್ದರು. ಪಕ್ಕದ ಮನೆಯವರು ದುಡ್ಡು ಕೊಡ್ತೀವಿ ಅಂದರೂ, "ಮಾರೋಕಲ್ಲ. ಕೊಂಡಿದ್ದು ಸಾಕಾಗಿದೆ ಈ ಮನೇಲಿ" ಎನ್ನುತ್ತಿದ್ದರು. ಸೊಸೆ ಅದನ್ನು ತಮಾಷೆ ಎಂದುಕೊಂಡಿದ್ದಳು. ಈಗ ಆ ಮಾತು ಬೇರೆ ಥರ ಕೇಳಿಸಿತು. ಹೊಲಿಯುವಾಗ ಅಂಗಿಯ ಕಂಕುಳು, ಕತ್ತು ಕತ್ತರಿಸಿ ಉಳಿದ ಚೂರು ಅಂಗೈಯಗಲ ಇದ್ದರೆ ಹೆಚ್ಚು. ಜೇಬಿನ ಸಮೇತ ಬರುವ ಚೂರು ಯಾವುದು? ಹೋಗಿ ಮೂಟೆ ನೋಡಿದಳು. ಆರು ತಿಂಗಳಾದರೂ ಅದು ಕತ್ತಿನವರೆಗೆ ತುಂಬಿಯೇ ಇತ್ತು.

"ರೀ, ನಿಮ್ಮ ಚಿಕ್ಕಮ್ಮ ನನ್ನ ಬಟ್ಟೆಗೆ ಕತ್ತರಿ ಹಾಕ್ತಿದ್ದಾರೆ."

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾವ ಬಟ್ಟೆಗೆ?"

"ಹಸಿರುದು."

"ಹಸಿರುದು ಅಂದ್ರೆ? ಅಂಗೀನಾ, ಕೋಟಾ, ಪ್ಯಾಂಟಾ?"

ಅವಳು ಆಮೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಪೊಲೀಸ್ ನಾಯಿಗೂ ಏನನ್ನ ಮೂಸಬೇಕು ಅಂತ ಹೇಳಬೇಕು ಕಣೆ."

"ತಮಾಷೆ ಬೇಡ. ಇದು ನಿಜವಾದ್ರೆ ಅವರು ಇಲ್ಲಿರೋದು ನನಗಾಗಲ್ಲ."

ಗಂಡ ಪೇಪರ್ ಮಡಿಸಿದ. "ಅವರಿಗೆ ಬೇರೆ ಮನೆ ಇಲ್ಲ, ಗೊತ್ತಲ್ಲ? ಇಂಥ ಬಟ್ಟೆ ಹೋಗಿದೆ ಅಂತ ಒಂದು ಹೇಳು, ನಾನೇ ಎಲ್ಲಾದ್ರೂ ರೂಮು ಮಾಡಿ ಬಿಟ್ಟು ಬರ್ತೀನಿ. ಬರೀ ಅನುಮಾನದ ಮೇಲೆ ಕಳಿಸಲ್ಲ."

ಅವಳು ಮೂರೂ ಬೀರುಗಳನ್ನು ಮಂಚದ ಮೇಲೆ ಸುರಿದಳು. ರಾಶಿ ಸೊಂಟದವರೆಗೆ ಬಂತು. ಕವರೇ ಬಿಚ್ಚದ ಸ್ವೆಟರುಗಳಿದ್ದವು. ಒಂದೇ ಥರದ ನೀಲಿ ಟಾಪು ಎರಡಿದ್ದವು. ಹಸಿರಿನವು ಏಳು ಸಿಕ್ಕವು. ಎಂಟನೆಯದು ಇತ್ತೇ? ಮೊಬೈಲಿನಲ್ಲಿ ಹಳೆಯ ಆರ್ಡರುಗಳನ್ನು ಸರಿಸಿದಳು, ಸರಿಸಿದಷ್ಟೂ ಮುಗಿಯಲಿಲ್ಲ. ಅದರಲ್ಲಿ ಯಾವುದನ್ನು ವಾಪಸ್ ಕಳಿಸಿದ್ದೆ ಎಂಬುದೂ ನೆನಪಿಲ್ಲ. ಸುಮ್ಮನೆ ಒಬ್ಬ ಹಿರಿಯರ ಮೇಲೆ ಕಳ್ಳತನ ಹೊರಿಸುತ್ತಿದ್ದೇನೆಯೇ? ಆದರೆ ಆ ಜೇಬು?

ಆಮೆಯನ್ನು ಹಿಡಿದು ನೇರ ಚಿಕ್ಕಮ್ಮನ ಕೋಣೆಗೆ ಹೋದಳು. "ಚಿಕ್ಕಮ್ಮ, ಇದಕ್ಕೆ ಜೇಬು ಯಾಕೆ?"

ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು. "ಅಬ್ಬಾ, ಕೊನೆಗೂ ಕೇಳಿದೆಯಲ್ಲ."

"ಕತ್ತರಿಸಿದ್ದು ನನ್ನ ಬಟ್ಟೆ ತಾನೆ?"

"ನಿಂದೇ."

ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ಅವಳು ಎಣಿಸಿರಲಿಲ್ಲ. "ಇದೊಂದೇನಾ?"

"ಕಪಾಟಿನಲ್ಲಿ ಹದಿನಾಲ್ಕಿವೆ. ಮೊದಲ ಎರಡು ನನ್ನ ಮೂಟೆಯವು. ಮಿಕ್ಕಿದ್ದೆಲ್ಲ ನಿಂದು. ಒಂದನ್ನೂ ನೀನು ಮೈಗೆ ಹಾಕಿರಲಿಲ್ಲ, ಬೆಲೆ ಚೀಟಿ ಕಿತ್ತವಳೇ ನಾನು. ಮೊದಮೊದಲು ಸಣ್ಣ ಚೂರು ಮಾಡಿ ಹೊಲಿದೆ. ನಿನಗೆ ಗುರುತು ಹತ್ತಲಿಲ್ಲ. ಆಮೇಲೆ ಗುಂಡಿ ಹಾಗೇ ಬಿಟ್ಟು ನೋಡಿದೆ, ಕಾಲರ್ ಹಾಗೇ ಬಿಟ್ಟು ನೋಡಿದೆ. ಕಡೆಗೆ ಜೇಬು."

"ಇದು ತಪ್ಪಲ್ವಾ ಚಿಕ್ಕಮ್ಮ?"

"ತಪ್ಪೇ. ನಾನೇನು ಇಲ್ಲ ಅಂದ್ನಾ?" ಚಿಕ್ಕಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು. "ಹೋದ ತಿಂಗಳು ಆನೆ ಮಾಡಿಟ್ಟೆನಲ್ಲ, ಅವತ್ತೇ ಸಿಕ್ಕಿಬಿದ್ದೆ ಅಂದ್ಕೊಂಡೆ. ಮುಟ್ಟಿ ಮುಟ್ಟಿ ನೋಡಿದೆ ನೀನು. ನೋಡಿ ಏನಂದೆ? 'ಈ ಬಟ್ಟೆ ಎಲ್ಲಿ ಸಿಗುತ್ತೆ ಚಿಕ್ಕಮ್ಮ, ನನಗೂ ಒಂದು ತಗೋಬೇಕು' ಅಂದೆ."

ಹಿಂದೆ ಬಾಗಿಲಲ್ಲಿ ಗಂಡ ಬಂದು ನಿಂತ. "ಗೊತ್ತಾಯ್ತಾ, ಯಾವುದು ಹೋಗಿದ್ದು ಅಂತ?"

ಚಿಕ್ಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದರು.

"ಇಲ್ಲ" ಎಂದಳು ಸೊಸೆ.

ಅವನು ಹೋದ ಮೇಲೆ ಅವಳು ಕಪಾಟಿನಿಂದ ಆನೆಯನ್ನು ಎತ್ತಿಕೊಂಡಳು. ಕೇಸರಿ ನೆಲದ ಮೇಲೆ ಪುಟ್ಟ ಬಿಳಿ ಹೂವು. ಅಂಗಿಯಾಗಿತ್ತೋ, ಗೌನಾಗಿತ್ತೋ. ತನ್ನ ಕೋಣೆಗೆ ಹೋಗಿ, ಮಂಚದ ಮೇಲಿನ ಬಟ್ಟೆಯ ರಾಶಿಯನ್ನು ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತಳು. ಆನೆಯನ್ನು ಭುಜಕ್ಕೆ ಒತ್ತಿ ಹಿಡಿದು, ತಲೆ ಓರೆ ಮಾಡಿ, ತನಗೆ ಒಪ್ಪುತ್ತದೆಯೇ ಎಂದು ನೋಡಿದಳು.