ಒಂದೇ ಕಡ್ಡಿಯ ಒಲೆ

“ಒಲೇಲಿ ಸೌದೆ ಜೋಡಿಸಿಟ್ಟು ಬಂದೆ ತಾನೇ, ತಮ್ಮಾ?” ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ ಅಕುಲಿನಾ ಕೇಳಿದಳು. ರಾತ್ರಿ ತಂಗಿದ್ದ ದಾರಿಹೋಕರ ಗುಡಿಸಲು ಬಿಟ್ಟು ಎರಡು ಗಂಟೆಯಾಗಿತ್ತು. ಹಿಮಸಾರಂಗಗಳು ನಿಂತಲ್ಲೇ ಹಬೆಯಾಡುತ್ತಿದ್ದವು.

“ಜೋಡಿಸೋದೇನು ಬಂತು ಅಕ್ಕಾ, ಒಲೇನ ಕನ್ನಡಿ ಥರ ಮಾಡಿಟ್ಟಿದೀನಿ!” ಮಾಸ್ಕೋದ ಪತ್ರಕರ್ತ ವಿಕೆಂಟಿ ಬೀಗಿದ. “ಬೂದಿ ಪೂರ್ತಿ ತೆಗೆದೆ. ಮೂಲೇಲಿ ಒಂದಷ್ಟು ತೊಗಟೆ ಚೂರು, ಸೌದೆ ಹೊಟ್ಟು ಬಿದ್ದಿತ್ತು, ಅದನ್ನೂ ಸುಟ್ಟುಬಿಟ್ಟೆ. ಬೆಂಕಿಪೊಟ್ಟಣ ಬಾಯಿಬಿಟ್ಕೊಂಡು ಬಿದ್ದಿತ್ತು, ಗಟ್ಟಿಯಾಗಿ ಮುಚ್ಚಿಟ್ಟೆ. ಮುಂದೆ ಬಂದೋರು ನನ್ನ ನೆನೆಸ್ಕೋಬೇಕು.”

“ನೆನೆಸ್ಕೋತಾರೆ, ನೆನೆಸ್ಕೋತಾರೆ,” ಎಂದ ಅಕುಲಿನಾ ಲೋಟದ ಚಹಾವನ್ನು ಹಿಮಕ್ಕೆ ಚೆಲ್ಲಿ ಎದ್ದಳು. ನಮ್ಮ ಈವೆನ್ ಬುಡಕಟ್ಟಿನ ಹೆಂಗಸರು ಸಿಟ್ಟು ಬಂದರೆ ದನಿ ಏರಿಸುವುದಿಲ್ಲ, ಹೆದರಬೇಕಾದದ್ದು ಅದಕ್ಕೇ. ಮುಂದಿನ ಸಾರಂಗದ ಹಗ್ಗ ಹಿಡಿದು ಜಾರುಬಂಡಿಯನ್ನು ಬಂದ ದಾರಿಗೇ ತಿರುಗಿಸಿದಳು.

ವಿಕೆಂಟಿಗೆ ಚಹಾ ನೆತ್ತಿಗೇರಿತು. ನಾಳೆ ಬೆಳಿಗ್ಗೆ ಹಳ್ಳಿಯಿಂದ ವಿಮಾನ. ಅದು ತಪ್ಪಿದರೆ ಮುಂದಿನದು ಹತ್ತು ದಿನಕ್ಕೆ. ಉತ್ತರದ ಕಾಡು ಸುತ್ತಿ ಅವನು ಬರೆದದ್ದು ಸೋಮವಾರ ಅಚ್ಚಿಗೆ ಹೋಗದಿದ್ದರೆ ಪತ್ರಿಕೆಯ ಆ ಪುಟ ಬೇರೊಬ್ಬನ ಪಾಲಾಗುತ್ತಿತ್ತು. ಆರು ದಿನದಲ್ಲಿ ಒಂದಿಡೀ ನೋಟ್‌ಬುಕ್ಕನ್ನು ರಟ್ಟಿನ ಒಳಮೈವರೆಗೂ ತುಂಬಿಸಿದ್ದ. ಅದು ಅವನ ಎದೆಯ ಜೇಬಿನಲ್ಲಿ ಬೆಚ್ಚಗೆ ಕೂತಿತ್ತು.

“ಅಕ್ಕಾ, ವಿಮಾನ!”

“ಅದಕ್ಕೆ ರೆಕ್ಕೆ ಇದೆ, ಅದು ಹೋಗುತ್ತೆ. ನೀನು ಬಂಡಿ ಹತ್ತು.”

“ಯಾರಿಗೋಸ್ಕರ ವಾಪಸ್ ಹೋಗೋದು? ಆರು ದಿನದಿಂದ ನೋಡ್ತಿದೀನಿ, ಇಲ್ಲೊಂದು ನರಪಿಳ್ಳೆ ಇಲ್ಲ. ಆ ಗುಡಿಸಲಿಗೆ ಯಾರು ಬರ್ತಾರೆ?”

“ನಂಗೇನು ಗೊತ್ತು? ಗೊತ್ತಿದ್ದಿದ್ರೆ ಅವರ ಡೇರೆಗೇ ಹೋಗಿ, ‘ಈ ಸಲ ಆ ಕಡೆ ಹೋಗಬೇಡ್ರಪ್ಪ, ಮಾಸ್ಕೋದೋರು ಒಲೆ ಗುಡಿಸಿಟ್ಟಿದಾರೆ’ ಅಂತ ಹೇಳಿ ಬರ್ತಿದ್ದೆ.”

ದಾರಿಯುದ್ದಕ್ಕೂ ವಿಕೆಂಟಿ ಮುಖ ಊದಿಸಿಕೊಂಡು ಕೂತ. ಗುಡಿಸಲ ಬಾಗಿಲಲ್ಲಿ ಅಕುಲಿನಾ ಅವನ ಎರಡೂ ಕೈಗವಸು ಕಿತ್ತುಕೊಂಡು, “ನೂರು ಎಣಿಸು,” ಎಂದಳು. ಅರವತ್ತಕ್ಕೇ ಅವನ ಹಲ್ಲು ಕಟಕಟಿಸಿ ಲೆಕ್ಕ ತಪ್ಪಿತು. “ಸಾಕು. ಈಗ ಒಳಗೆ ಹೋಗಿ ಒಂದು ಕಡ್ಡಿ ಗೀರು ನೋಡೋಣ.”

ತಾನೇ ಗಟ್ಟಿಯಾಗಿ ಮುಚ್ಚಿದ್ದ ಪೊಟ್ಟಣ ಅವನ ಕೈಗೆ ತೆರೆಯಲಿಲ್ಲ. ಬೆರಳುಗಳು ಬೇರೆ ಯಾರದ್ದೋ ಆಗಿದ್ದವು. ಹಲ್ಲಿನಿಂದ ಕಚ್ಚಿ ಎಳೆದಾಗ ಕಡ್ಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಅಂಗೈಗಳ ನಡುವೆ ಒಂದನ್ನು ಹೇಗೋ ಎತ್ತಿದ, ಅದು ಮುರಿಯಿತು. ಮತ್ತೊಂದನ್ನು ಹಿಡಿಯುವುದಕ್ಕೇ ಆಗಲಿಲ್ಲ. ಅವನಿಗೆ ನಿಜವಾಗಿ ಭಯವಾಯಿತು.

ಅಕುಲಿನಾ ಅವನ ಕೈಗಳನ್ನು ತನ್ನ ತುಪ್ಪಳದ ಕೋಟಿನೊಳಗೆ ಎಳೆದುಕೊಂಡು ಉಜ್ಜಿದಳು. ಅವಳ ಎಡಗೈಯ ಎರಡು ಮೋಟು ಬೆರಳು ಅವನಿಗೆ ತಾಕಿದವು. ಅವನು ಬಂದ ದಿನದಿಂದ ಅದರ ಕತೆ ಕೇಳುತ್ತಲೇ ಇದ್ದ. ಒಂದು ದಿನ ‘ತೋಳ ಕೇಳಿತು, ಕೊಟ್ಟೆ’ ಎಂದಿದ್ದಳು. ಇನ್ನೊಂದು ದಿನ ‘ಸಾರಿನ ಪಾತ್ರೆಯಲ್ಲಿ ಮರೆತೆ’ ಎಂದಿದ್ದಳು.

“ಇಂಥದೇ ಒಂದು ಗುಡಿಸಲು ಕಣೋ,” ಎಂದಳು ಈಗ. “ನನಗಿಂತ ಮುಂಚೆ ಯಾರೋ ಬಹಳ ಶುಚಿಯಾದೋರು ಇದ್ದು ಹೋಗಿದ್ರು.”

ವಿಕೆಂಟಿ ಖಾಲಿ ಒಲೆಯತ್ತ ನೋಡಿದ. “ನಿನ್ನೆ ನಾವು ಬಂದಾಗ ಒಂದೇ ಕಡ್ಡಿಗೆ ಹತ್ತಿಕೊಳ್ತಲ್ಲ ಅಕ್ಕಾ... ಅದನ್ನ ಜೋಡಿಸಿದ್ದು ಯಾರು?” ಎಂದು ಕೇಳಿದ.

“ಯಾರೋ ಎಡಚ. ತೊಗಟೆ ಸುತ್ತಿದ್ದ ರೀತಿ ನೋಡಿದ್ರೆ ಗೊತ್ತಾಗುತ್ತೆ. ಹೆಸರು ಗೊತ್ತಿಲ್ಲ, ಬೇಕಾಗೂ ಇಲ್ಲ. ಬೆಂಕಿ ಬೆಚ್ಚಗಿತ್ತು ತಾನೇ?”

ಅವಳು ಚಾಕುವಿನಿಂದ ಸೌದೆ ಹೆರೆದು ಹೊಟ್ಟು ಮಾಡಿದಳು. ವಿಕೆಂಟಿ ಅವಳು ಹೇಳಿದಂತೆ ಒಲೆಯೊಳಗೆ ಸಣ್ಣ ಸೌದೆ, ಮೇಲೆ ದೊಡ್ಡ ಸೌದೆ, ನಡುವೆ ಗಾಳಿಗೆ ಜಾಗ ಬಿಟ್ಟು ಜೋಡಿಸಿದ. ಎರಡು ಸಲ ಕುಸಿಯಿತು, ಮೂರನೆಯ ಸಲ ನಿಂತಿತು.

“ಅಡೀಲಿ ಬರ್ಚ್ ಮರದ ತೊಗಟೆ ಇರಬೇಕಿತ್ತು,” ಎಂದಳು ಅಕುಲಿನಾ. “ಬರೀ ಹೊಟ್ಟು ಒಂದೇ ಕಡ್ಡಿಗೆ ಹಿಡಿಯಲ್ಲ. ಆ ಮರ ಈ ಎತ್ತರದಲ್ಲಿ ಬೆಳೆಯೋದೂ ಇಲ್ಲ. ಯಾರೋ ಅಷ್ಟು ದೂರದಿಂದ ಹೊತ್ತು ತಂದು ಇಟ್ಟಿದ್ರು.”

ವಿಕೆಂಟಿ ಗುಡಿಸಲಿನ ನಾಲ್ಕೂ ಮೂಲೆ ನೋಡಿದ. ಅವನ ಪೊರಕೆ ಒಂದು ಚೂರನ್ನೂ ಉಳಿಸಿರಲಿಲ್ಲ. ಕೊನೆಗೆ ಎದೆಯ ಜೇಬಿಗೆ ಕೈ ಹಾಕಿ ನೋಟ್‌ಬುಕ್ ತೆಗೆದ. ಖಾಲಿ ಹಾಳೆ ಒಂದೂ ಇರಲಿಲ್ಲ. ಮೊದಲ ಪುಟವನ್ನು ಹರಿಯಲು ಹಿಡಿದ, ಹರಿಯಲಿಲ್ಲ.

“ಏನು ಬರೆದಿದೀಯ ಅದರಲ್ಲಿ?”

ವಿಕೆಂಟಿ ಸಣ್ಣ ದನಿಯಲ್ಲಿ ಓದಿದ: “ಇದು ಯಾರೂ ಇಲ್ಲದ ನಾಡು. ಇಲ್ಲಿ ಮನುಷ್ಯನಿಗೆ ಮನುಷ್ಯನ ನೆನಪೂ ಇರುವುದಿಲ್ಲ.”

“ಚೆನ್ನಾಗಿ ಒಣಗಿದೆ,” ಎಂದಳು ಅಕುಲಿನಾ. “ಅದನ್ನೇ ಎಲ್ಲಕ್ಕಿಂತ ಕೆಳಗೆ ಇಡು.”

ಅವನಿಗೆ ನಗು ಬಂತು. ಆ ಪುಟ ಹರಿದ, ಅದರ ಮುಂದಿನದನ್ನೂ ಹರಿದ. ಹೀಗೆ ಹತ್ತು ಹದಿನೈದು ಪುಟ ಸುರುಳಿ ಸುತ್ತಿ ಸೌದೆಯ ಅಡಿಗೆ ತುರುಕಿದ. ಉಳಿದ ನೋಟ್‌ಬುಕ್ಕನ್ನು ತೊಗಟೆ ಇದ್ದ ಮೂಲೆಯಲ್ಲಿ ಇಟ್ಟ. ಚೆಲ್ಲಿದ ಕಡ್ಡಿಗಳನ್ನು ಆರಿಸಿ ಪೊಟ್ಟಣಕ್ಕೆ ತುಂಬಿ, ಮುಚ್ಚಿ, ಒಲೆಯ ಪಕ್ಕದಲ್ಲಿಟ್ಟು ಹೊರಟ.

ಬಾಗಿಲವರೆಗೆ ಹೋದವನು ಥಟ್ಟನೆ ನಿಂತ. ಹಿಂದಿರುಗಿ ಬಂದು, ಪೊಟ್ಟಣವನ್ನು ಅರ್ಧ ತೆರೆದು, ಒಂದು ಕಡ್ಡಿಯನ್ನು ಹೊರಚಾಚಿ ಇಟ್ಟ.